ಫಾಗ್ ಲ್ಯಾಂಪಿನ ಸ್ವಿಚ್ಚು

ಅಕ್ಟೋಬರ್ 7, ಸೋಮವಾರ

ಇದು ಬ್ಯಾಟರಿ ಕಂಪನಿಯವರು ಹೋದ ವರ್ಷ ಪುಕ್ಕಟೆ ಕೊಟ್ಟ ಡೈರಿ. ಅಚ್ಚಾದ ವಾರಗಳು ಈ ವರ್ಷಕ್ಕೆ ಹೊಂದುವುದಿಲ್ಲ, ಹೊಡೆದುಹಾಕಿ ಬರೆಯುತ್ತಿದ್ದೇನೆ. ಮೂವತ್ತು ವರ್ಷದಿಂದ ಕಾರುಗಳ ವೈರಿಂಗ್ ಕೆಲಸ ಮಾಡುವವನು ನಾನು. ಅಂಗಡಿಯ ಪುಸ್ತಕದಲ್ಲಿ ದೂರು, ಕಾರಣ, ಮಾಡಿದ ಕೆಲಸ ಎಂದು ಮೂರು ಸಾಲು ಗೀಚಿದ್ದು ಬಿಟ್ಟರೆ ಬೇರೇನೂ ಬರೆದವನಲ್ಲ. ಹೆಂಡತಿ ಹೋಗುವಾಗ ಹೇಳಿದಳು: "ನನ್ನ ಹತ್ರ ಮಾತಾಡೋಕೆ ಆಗಲ್ಲ ಅಂದ್ರೆ ಗೋಡೆ ಹತ್ರ ಆದ್ರೂ ಮಾತಾಡಿ. ಎಲ್ಲಾ ಒಳಗೇ ಇಟ್ಕೊಂಡು ಕೊಳೆಸ್ಬೇಡಿ." ಗೋಡೆಯ ಜೊತೆ ಮಾತಾಡಿದರೆ ಪಕ್ಕದ ಮನೆಯ ಟೀಚರಿಗೆ ಕೇಳಿಸುತ್ತದೆ. ಅದಕ್ಕೇ ಈ ಡೈರಿ.

ಅವಳು ಊರಿನ ಆ ತುದಿಯಲ್ಲಿರುವ ತಮ್ಮನ ಮನೆಗೆ ಹೋಗಿ ಆರು ವಾರವಾಯಿತು. "ಅಕ್ಟೋಬರ್ ಮೂರನೇ ಶನಿವಾರ ಸಂಜೆ ನಾನೇ ಬರ್ತೀನಿ. ಕೂತು ಮಾತಾಡೋಣ. ಆಮೇಲೆ ಇರೋದೋ ಹೋಗೋದೋ ನೋಡೋಣ. ಅಲ್ಲಿವರೆಗೆ ಫೋನ್ ಬೇಡ" ಎಂದಿದ್ದಳು. ನಾನು ಮಾಡಿಲ್ಲ. ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ನನ್ನ ಮೇಲೆ ದೂರಿತ್ತಲ್ಲ, ಇದೊಂದನ್ನು ಅಕ್ಷರಶಃ ಪಾಲಿಸುತ್ತಿದ್ದೇನೆ.

ಇವತ್ತು ಅಂಗಡಿಯಿಂದ ಬಂದು ಮನೆ ಮುಂದೆ ವ್ಯಾನು ನಿಲ್ಲಿಸಿ ಎರಡು ಸಲ ಹಾರನ್ ಹೊಡೆದೆ. ಹೊಡೆದ ಮೇಲೆ ನೆನಪಾಯಿತು.

ಅಕ್ಟೋಬರ್ 9, ಬುಧವಾರ

ಹಾರನ್ನಿನ ವಿಷಯ. ನಮ್ಮ ಗ್ಯಾರೇಜಿನ ಶಟರಿಗೆ ಮೋಟರಿದೆ, ಇಬ್ಬರಿಗೂ ಒಂದೊಂದು ರಿಮೋಟಿದೆ. ಆದರೆ ಮೋಟರು ಬರುವ ಮುಂಚಿನಿಂದಲೂ ನಾನು ಎರಡು ಸಲ ಹಾರನ್ ಹೊಡೆಯುವುದು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ತೆಗೆಯುವುದು, ಹೀಗೇ ನಡೆದಿತ್ತು. ಮೋಟರು ಬಂದ ಮೇಲೆ ಅವಳು ಗೋಡೆಯ ಗುಂಡಿ ಒತ್ತುತ್ತಿದ್ದಳು, ಅಷ್ಟೇ ವ್ಯತ್ಯಾಸ. "ನಾನೇನು ಬಾಗಿಲು ಕಾಯೋಳಾ?" ಎನ್ನುತ್ತಿದ್ದಳು. ನಗುತ್ತಾ ಹೇಳುತ್ತಾಳೆ ಎಂದುಕೊಂಡಿದ್ದೆ.

ಮುಂಬಾಗಿಲು ಇದೆ ಎಂದು ಹೇಳಬಹುದು, ಆದರೆ ಅದರ ಹಿಂದೆ ನನ್ನ ಹಳೆ ಬ್ಯಾಟರಿಗಳ ಪೆಟ್ಟಿಗೆಗಳು ಕೂತು ಏಳೆಂಟು ವರ್ಷವಾಯಿತು. ಈ ಮನೆಗೆ ಗ್ಯಾರೇಜೇ ದಾರಿ.

ಇವತ್ತು ಸೀಟಿನ ಕೆಳಗೆ ಸೇರಿಕೊಂಡ ರಿಮೋಟನ್ನು ಹುಡುಕಲು ರಸ್ತೆಯ ಕಡೆಗೆ ಹಿಂಭಾಗ ತೋರಿಸಿಕೊಂಡು ಎಂಟು ನಿಮಿಷ ಬಗ್ಗಿದ್ದೆ. ಟೀಚರ್ ಕಿಟಕಿಯಲ್ಲಿ ನಿಂತು ಅಷ್ಟೂ ಹೊತ್ತು ನೋಡಿದರು. ಸಾಕು. ರಿಮೋಟನ್ನು ವ್ಯಾನಿನ ಡ್ಯಾಶ್‌ಬೋರ್ಡಿಗೇ ಸೇರಿಸಿಬಿಡುತ್ತೇನೆ. ಫಾಗ್ ಲ್ಯಾಂಪಿನ ಸ್ವಿಚ್ಚು ಸುಮ್ಮನೆ ಬಿದ್ದಿದೆ, ಈ ವ್ಯಾನಿಗೆ ಫಾಗ್ ಲ್ಯಾಂಪೇ ಇಲ್ಲ.

ಅವಳೂ ತನ್ನ ಕಾರಿಗೆ ಹೀಗೆ ಮಾಡಿಕೊಡಿ ಎಂದು ಒಂದೆರಡು ಸಲ ಕೇಳಿದ್ದಳು. ಸರಿ, ನಾಲ್ಕು ವರ್ಷದಿಂದ ಕೇಳುತ್ತಿದ್ದಳು. ನನ್ನ ವ್ಯಾನಿನಲ್ಲಿ ಚೆನ್ನಾಗಿ ಬಂದರೆ ಅವಳದಕ್ಕೂ ಮಾಡಿದರಾಯಿತು.

ಅಕ್ಟೋಬರ್ 13, ಭಾನುವಾರ

ಬೆಳಿಗ್ಗೆ ಏಳಕ್ಕೆ ಕೂತವನು ಮಧ್ಯಾಹ್ನ ಒಂದಕ್ಕೆ ಎದ್ದೆ. ಕೆಲಸ ಮುಗಿಯಿತು, ನಾನೇ ನನ್ನ ಬೆನ್ನು ತಟ್ಟಿಕೊಳ್ಳಬೇಕು.

ರಿಮೋಟು ಬಿಚ್ಚಿ, ಅದರ ಗುಂಡಿಯ ಎರಡು ಕಾಲುಗಳಿಗೆ ಎರಡು ತೆಳ್ಳನೆಯ ವೈರು ಬೆಸುಗೆ ಹಾಕಿದೆ. ಅವನ್ನು ಡ್ಯಾಶ್‌ಬೋರ್ಡಿನ ಹಿಂದೆ ಎಳೆದು ಫಾಗ್ ಲ್ಯಾಂಪಿನ ಸ್ವಿಚ್ಚಿಗೆ ಸೇರಿಸಿದೆ. ಸ್ವಿಚ್ಚು ಒತ್ತಿದರೆ ರಿಮೋಟಿಗೆ ಯಾರೋ ತನ್ನ ಗುಂಡಿಯನ್ನೇ ಒತ್ತಿದ ಹಾಗೆ. ಒಳಗಿದ್ದ ಸೆಲ್ ತೆಗೆದು ಬಿಸಾಡಿದೆ. ಸೆಲ್ ಸಾಯುವ ಕಥೆ ಈ ಮನೆಯಲ್ಲಿ ಸಾಕಷ್ಟಾಗಿದೆ. ಅದರ ಬದಲು ವ್ಯಾನಿನ ಬ್ಯಾಟರಿಯಿಂದಲೇ ಕರೆಂಟು ಕೊಟ್ಟೆ, ಹನ್ನೆರಡು ವೋಲ್ಟನ್ನು ಮೂರಕ್ಕೆ ಇಳಿಸುವ ಒಂದು ಪುಟ್ಟ ಬೋರ್ಡಿನ ಮೂಲಕ. ಕೀ ತೆಗೆದರೂ ಕರೆಂಟು ಇರುತ್ತದೆ. ಇನ್ನು ಈ ರಿಮೋಟಿಗೆ ಸಾವಿಲ್ಲ.

ಒಂದೇ ಕೊರತೆ. ಕೈ ತೆಗೆದ ಕೂಡಲೇ ತಾನೇ ಬಿಟ್ಟುಕೊಳ್ಳುವ ಸ್ವಿಚ್ಚು ಬೇಕಿತ್ತು, ಇದು ಒತ್ತಿದರೆ ಒತ್ತಿಕೊಂಡೇ ಇರುವ ಜಾತಿ. ಬಾಗಿಲು ಎದ್ದ ಮೇಲೆ ಮತ್ತೊಮ್ಮೆ ಒತ್ತಿ ಬಿಡಿಸಬೇಕು. ಗಿರಾಕಿಯ ಗಾಡಿಯಾಗಿದ್ದರೆ ಸರಿಯಾದ ಸ್ವಿಚ್ಚು ತರಿಸದೆ ಹಾಕುತ್ತಿರಲಿಲ್ಲ. ನನ್ನದೇ ಅಲ್ಲವೇ, ಮುಂದಿನ ವಾರ ನೋಡೋಣ. ಸ್ವಿಚ್ಚಿನೊಳಗಿನ ಹಳದಿ ದೀಪ ಕಣ್ಣಿಗೆ ಚುಚ್ಚುತ್ತಿತ್ತು, ಕಿತ್ತುಹಾಕಿದೆ. ರಿಮೋಟಿಗೆ ಕಪ್ಪು ಟೇಪು ಸುತ್ತಿ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ತುರುಕಿದೆ.

ಆರು ಸಲ ಬಾಗಿಲು ತೆಗೆದು ಆರು ಸಲ ಮುಚ್ಚಿದೆ. ನೋಡಲು ಯಾರೂ ಇರಲಿಲ್ಲ.

ಅಕ್ಟೋಬರ್ 15, ಮಂಗಳವಾರ

ಬೆಳಿಗ್ಗೆ ಸ್ವಿಚ್ಚನ್ನು ಎರಡು ಸಲ ಒತ್ತಿದ ಮೇಲೆ ಬಾಗಿಲು ಎದ್ದಿತು. ಎಲ್ಲೋ ಲೂಸ್ ಕನೆಕ್ಷನ್ ಇರಬೇಕು.

ಸಂಜೆ ಟೀಚರ್ ಕಾಂಪೌಂಡಿನ ಹತ್ತಿರ ಹಿಡಿದುಕೊಂಡರು. ಅವರ ಮನೆಗೆ ತಂತಿಯಿಲ್ಲದ ಕರೆಗಂಟೆ ಇದೆ; ಗೇಟಿನಲ್ಲಿ ಗುಂಡಿ, ಒಳಗೆ ಗಂಟೆ. "ನೋಡಪ್ಪಾ, ಸಂಜೆ ಹೊತ್ತು ಇದು ಬಾಯೇ ಬಿಡಲ್ಲ. ಡ್ರಾಯಿಂಗ್ ಮೇಷ್ಟ್ರು ನಿನ್ನೆ ಬಂದು ಒತ್ತಿ ಒತ್ತಿ ವಾಪಸ್ ಹೋದ್ರಂತೆ." ಡ್ರಾಯಿಂಗ್ ಮೇಷ್ಟರು ಅವರ ಜೊತೆ ಕೆಲಸ ಮಾಡಿದವರು, ದಿನಾ ಸಂಜೆ ಚೆಸ್ ಆಡಲು ಬರುತ್ತಾರೆ. ಸೆಲ್ ಬದಲಾಯಿಸಿ ಎಂದು ಹೇಳಿ ಒಳಗೆ ಬಂದೆ. ನನ್ನ ತಲೆ ತಿನ್ನಲು ನಾಳೆಯೂ ಸಿಗುತ್ತಾರೆ.

ಅಕ್ಟೋಬರ್ 17, ಗುರುವಾರ

ಶನಿವಾರಕ್ಕೆ ಮನೆ ಗುಡಿಸಿದೆ. ಅಡುಗೆಮನೆಯ ಸಿಂಕು ಉಜ್ಜಿದೆ. ಮಂಚದ ಕೆಳಗೆ ಅವಳ ಕೈ ಪಟ್ಟಿ ಸಿಕ್ಕಿತು, ಬಲಗೈಯ ಮಣಿಕಟ್ಟು ಮುರಿದಾಗ ಕುತ್ತಿಗೆಗೆ ಹಾಕಿಕೊಂಡಿದ್ದು.

ಅದನ್ನು ಬರೆದುಬಿಡುತ್ತೇನೆ, ನನ್ನ ಕಡೆಯದೂ ಎಲ್ಲಾದರೂ ಇರಲಿ. ಜುಲೈಯಲ್ಲಿ ಒಂದು ದಿನ ಜೋರು ಮಳೆ. ಅವಳು ಮನೆ ಮುಂದೆ ಕಾರು ನಿಲ್ಲಿಸಿ ರಿಮೋಟು ಒತ್ತಿದರೆ ಸೆಲ್ ಸತ್ತಿದೆ. ಸೆಲ್ ಬದಲಾಯಿಸಿ ಎಂದು ಹದಿನೈದು ದಿನದಿಂದ ಹೇಳುತ್ತಿದ್ದಳಂತೆ. ಇಳಿದು ಶಟರನ್ನು ಕೈಯಿಂದ ಎತ್ತಲು ಹೋಗಿ ಜಾರಿ ಬಿದ್ದಳು. ನನಗೆ ಫೋನ್ ಮಾಡಿದಳು. ನಾನು ಒಂದು ಕಾರಿನ ಹೊಟ್ಟೆಯೊಳಗೆ ತಲೆ ಹಾಕಿ ಮಲಗಿದ್ದೆ. "ಹತ್ತು ನಿಮಿಷದಲ್ಲಿ ಬಂದೆ" ಎಂದೆ. ವೈರಿಂಗ್ ಬಿಚ್ಚಿಟ್ಟ ಗಾಡಿಯನ್ನು ಹಾಗೇ ಬಿಟ್ಟು ಬರಲು ಆಗುತ್ತದೆಯೇ? ನಾನು ಬಂದಾಗ ಮೂರು ಗಂಟೆ ಕಳೆದಿತ್ತು. ಅವಳು ಒಬ್ಬಳೇ ಆಸ್ಪತ್ರೆಗೆ ಹೋಗಿ, ಪ್ಲಾಸ್ಟರ್ ಹಾಕಿಸಿಕೊಂಡು, ಒದ್ದೆ ಬಟ್ಟೆಯಲ್ಲೇ ವಾಪಸ್ ಬಂದು ಟೀಚರ್ ಮನೆಯಲ್ಲಿ ಕೂತಿದ್ದಳು. ಬೈಯಲೂ ಇಲ್ಲ. ಪ್ಲಾಸ್ಟರ್ ಬಿಚ್ಚಿದ ಮಾರನೇ ದಿನ ನೀಲಿ ಚೀಲ ತುಂಬಿಕೊಂಡು ಹೊರಟಳು.

ಒಂದು ಸೆಲ್ಲಿಗೆ ಇಷ್ಟೆಲ್ಲಾ. ಪಟ್ಟಿಯನ್ನು ಒಗೆದು ಮಡಿಸಿ ಅವಳ ಬೀರುವಿನಲ್ಲಿಟ್ಟೆ.

ಅಕ್ಟೋಬರ್ 19, ಶನಿವಾರ

ಅಂಗಡಿ ಮೂರಕ್ಕೇ ಮುಚ್ಚಿದೆ. ಬರುವ ದಾರಿಯಲ್ಲಿ ಹೂಕೋಸು, ಒಳ್ಳೆಯ ಬ್ರೆಡ್ಡು, ಅವಳಿಗೆ ಇಷ್ಟವಾದ ಕಪ್ಪು ದ್ರಾಕ್ಷಿ ತಗೊಂಡೆ. ಅವಳು ಮೊದಲೇ ಬಂದುಬಿಟ್ಟರೆ ಎಂಬ ಗಡಿಬಿಡಿಯಲ್ಲಿ ವ್ಯಾನು ಒಳಗೆ ನುಗ್ಗಿಸಿ, ಗೋಡೆಯ ಗುಂಡಿ ಒತ್ತಿ ಶಟರ್ ಮುಚ್ಚಿ, ನೆಟ್ಟಗೆ ಸ್ನಾನಕ್ಕೆ ಓಡಿದೆ. ದ್ರಾಕ್ಷಿ ವ್ಯಾನಿನಲ್ಲೇ ಉಳಿಯಿತು, ಆಮೇಲೆ ಹೋಗಿ ತಂದೆ.

ಐದರಿಂದ ಅಡುಗೆಮನೆಯ ಮಬ್ಬುಗಾಜಿನ ಕಿಟಕಿಯ ಹತ್ತಿರ ಕೂತೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೆ ಏನೆಂದು ಈ ವಯಸ್ಸಿಗೆ ಗೊತ್ತಾಯಿತು. ಎಂಟರವರೆಗೆ ಕೂತಿದ್ದೆ. ಬರಲಿಲ್ಲ.

ಆರೂವರೆಯ ಸುಮಾರಿಗೆ ಹೊರಗೆ ಒಂದು ಕಾರು ನಿಂತ ಸದ್ದಾಯಿತು. ಫ್ಯಾನ್ ಬೆಲ್ಟು ಕೀಚ್ ಎನ್ನುತ್ತಿತ್ತು, ಅವಳ ಕಾರಿನದು ಹಾಗೇ ಅನ್ನುತ್ತದೆ. ಕತ್ತೆತ್ತಿದೆ. ಆದರೆ ಅವಳ ಹತ್ತಿರ ರಿಮೋಟಿದೆ, ಜುಲೈಯಲ್ಲೇ ಅದಕ್ಕೆ ಹೊಸ ಸೆಲ್ ಹಾಕಿದ್ದೇನೆ. ಅವಳೇ ಆಗಿದ್ದರೆ ಶಟರ್ ಏಳಬೇಕಿತ್ತು. ಶಟರಿನ ಸದ್ದಿಗಾಗಿ ಕಿವಿಗೊಟ್ಟು ಕೂತೇ ಇದ್ದೆ. ಸ್ವಲ್ಪ ಹೊತ್ತಿಗೆ ಆ ಕಾರು ಹೊರಟುಹೋಯಿತು. ಬೆಲ್ಟು ಕಿರುಚುವ ಕಾರುಗಳು ಊರಲ್ಲಿ ಬೇಕಾದಷ್ಟಿವೆ.

ಹೂಕೋಸು ಹಾಗೇ ಇದೆ.

ಅಕ್ಟೋಬರ್ 20, ಭಾನುವಾರ

ವ್ಯಾನು ಹೊರಗೆ ತೆಗೆದು ತೊಳೆದೆ. ಇವತ್ತೂ ಸ್ವಿಚ್ಚು ಎರಡು ಸಲ ಒತ್ತಬೇಕಾಯಿತು.

ಟೀಚರ್ ಮತ್ತೆ ಕರೆದರು. ಹೊಸ ಸೆಲ್ ಹಾಕಿದ್ದಾರಂತೆ, ಆದರೂ ನಿನ್ನೆ ಸಂಜೆಯೆಲ್ಲಾ ಗಂಟೆ ಸತ್ತಿತ್ತಂತೆ. ನಾನು ಹೋಗಿ ಗೇಟಿನಲ್ಲಿ ಒತ್ತಿದೆ. ಮನೆಯೆಲ್ಲಾ ಮೊಳಗುವ ಹಾಗೆ ಹೊಡೆಯಿತು. "ಗಂಟೆ ಚೆನ್ನಾಗಿದೆ ಟೀಚರ್. ನಿಮಗೇ ಕೇಳಿಸ್ತಿಲ್ಲ ಅನ್ಸುತ್ತೆ." ಅವರು ಮುಖ ಗಂಟು ಹಾಕಿಕೊಂಡರು. "ನನ್ನ ಕಿವಿ ಸರಿಯಾಗೇ ಇದೆ. ನೀನು ಬಚ್ಚಲಲ್ಲಿ ಒಬ್ಬನೇ ಗೊಣಗೋದೂ ಕೇಳ್ಸುತ್ತೆ. ಮೇಷ್ಟ್ರು ನಾಲ್ಕು ದಿನದಿಂದ ಬಂದಿಲ್ಲ. ಸೋಲ್ತೀನಿ ಅಂತ ಬಾಗಿಲು ತೆಗೀತಿಲ್ಲ ಅಂದ್ಕೊಂಡಿರ್ತಾರೆ."

ಬರುತ್ತೇನೆ ಎಂದವಳು ಬರಲಿಲ್ಲ. ಅಂದರೆ ಅದೇ ಅವಳ ಉತ್ತರ.

ಅಕ್ಟೋಬರ್ 24, ಗುರುವಾರ

ಮನೆ ಭಣಗುಡುತ್ತಿದೆ. ಫ್ರಿಜ್ಜಿನ ಮೋಟರು ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಈಗ ನನಗೆ ಬಾಯಿಪಾಠ. ದ್ರಾಕ್ಷಿ ಕೊಳೆತಿತ್ತು, ಬಿಸಾಡಿದೆ. ಅಳು ಬಂತು. ಬರೆಯಲು ಏನೂ ಇಲ್ಲ.

ಅಕ್ಟೋಬರ್ 27, ಭಾನುವಾರ

ಭಾವಮೈದ ಫೋನ್ ಮಾಡಿದ್ದ. ಅಕ್ಕನಿಗೆ ಗೊತ್ತಾಗದ ಹಾಗೆ ಮಹಡಿ ಮೇಲೆ ನಿಂತು ಮಾತಾಡುತ್ತಿದ್ದನಂತೆ.

"ಭಾವ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಾಗಿಲಿನ ರಿಮೋಟ್ ಯಾಕೆ ಬದಲಾಯಿಸಿದ್ರಿ?"

"ಯಾರು ಬದಲಾಯಿಸಿದ್ದು?"

"ಅಕ್ಕ ಅವತ್ತು ಶನಿವಾರ ಬಂದಿದ್ಲು. ಎಷ್ಟು ಒತ್ತಿದ್ರೂ ತೆಗೀಲಿಲ್ಲಂತೆ. ಒಳಗೆ ದೀಪ ಇತ್ತಂತೆ. ವಾಪಸ್ ಬಂದು ಎರಡು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ."

ನಾನೇನೂ ಬದಲಾಯಿಸಿಲ್ಲ, ಅವಳೇ ಮತ್ತೆ ಸೆಲ್ ಸಾಯಿಸಿಕೊಂಡಿರಬೇಕು ಎಂದೆ. ಅವನು, "ಸೆಲ್ ಅಲ್ಲ ಭಾವ. ಒತ್ತಿದ್ರೆ ದೀಪ ಬರ್ತಿದೆ, ನಾನೇ ನೋಡಿದೆ" ಎಂದ.

ಹಾಗಾದರೆ ಆ ಬೆಲ್ಟು ಅವಳದೇ. ಕೂಗಬಾರದಿತ್ತೇ, ಶಟರ್ ಬಡಿಯಬಾರದಿತ್ತೇ, ಒಂದು ಹಾರನ್ ಹೊಡೆಯಬಾರದಿತ್ತೇ? ಮೂಗಿನ ತುದಿಯಲ್ಲೇ ಕೋಪ ಅವಳಿಗೆ. ನಾನು ಏನು ತಪ್ಪು ಮಾಡಿದೆ?

ಅಕ್ಟೋಬರ್ 28, ಸೋಮವಾರ

ಟೀಚರ್ ಮೂವತ್ತೈದು ವರ್ಷ ಪಾಠ ಮಾಡಿದವರು, ಸುಮ್ಮನೆ ಬಿಡುವವರಲ್ಲ. ಸಂಜೆ ವ್ಯಾನು ಒಳಗಿಟ್ಟು ಶಟರ್ ಮುಚ್ಚುವಷ್ಟರಲ್ಲಿ ಅದರಡಿಗೆ ಕೈ ಅಡ್ಡ ಇಟ್ಟು ನಿಲ್ಲಿಸಿದರು. ಇನ್ನೊಂದು ಕೈಯಲ್ಲಿ ಗೀಟು ಹಾಕಿದ ಒಂದು ಹಾಳೆ, ಥೇಟ್ ಹಾಜರಿ ಪುಸ್ತಕದ್ದು.

"ಎಂಟು ದಿನ ಬರೆದಿದ್ದೀನಿ, ಓದಪ್ಪಾ. ನಿನ್ನ ಗಾಡಿ ಹೊರಗಿದ್ದಾಗ ಗಂಟೆ ಹಾಜರ್, ಒಂದು ದಿನಾನೂ ತಪ್ಪಿಲ್ಲ. ನಿನ್ನ ಗಾಡಿ ಒಳಗೆ ಬಂತು ಅಂದ್ರೆ ಆರು ದಿನ ಗೈರುಹಾಜರ್. ಈಗ ಹೇಳು, ನನ್ನ ಕಿವಿದಾ ತಪ್ಪು?"

ಹಾಳೆ ಕೈಯಲ್ಲಿ ಹಿಡಿದೇ ವ್ಯಾನಿಗೆ ಹತ್ತಿದೆ. ವ್ಯಾನಿನ ಡ್ಯಾಶ್‌ಬೋರ್ಡ್ ಎಳೆದೆ. ಟೇಪಿನ ಸಂದಿಯಲ್ಲಿ ರಿಮೋಟಿನ ಕೆಂಪು ದೀಪ ಉರಿಯುತ್ತಿತ್ತು. ಸ್ವಿಚ್ಚು ಬಿಡಿಸಲು ಮರೆತಿದ್ದೆ. ಇವತ್ತು ಮಾತ್ರವಲ್ಲ. ಬೆಳಿಗ್ಗೆ ಎರಡು ಸಲ ಒತ್ತಬೇಕಾಗಿ ಬಂದ ಪ್ರತಿ ದಿನದ ಹಿಂದಿನ ರಾತ್ರಿಯೂ ಅದು ಹೀಗೇ ಉರಿದಿತ್ತು. ಮೊದಲ ಒತ್ತು ಆರಿಸುವುದು, ಎರಡನೆಯದು ಹಚ್ಚುವುದು. ಲೂಸ್ ಕನೆಕ್ಷನ್ ಅಂತೆ.

ಇದನ್ನು ಯಾರಿಗಾದರೂ ಅರ್ಥವಾಗುವ ಹಾಗೆ ಬರೆಯಬೇಕು. ಈ ರಿಮೋಟುಗಳು, ಈ ಕರೆಗಂಟೆಗಳು, ಎಲ್ಲವೂ ಒಂದೇ ತರಂಗದಲ್ಲಿ ಕೂಗುತ್ತವೆ. ಒಬ್ಬ ಬಾಗಿಲ ಹತ್ತಿರವೇ ನಿಂತು ಬಿಡದೆ ಕಿರುಚುತ್ತಿದ್ದರೆ ಹೊರಗಿನಿಂದ ಕರೆಯುವವರ ದನಿ ಬಾಗಿಲಿಗೆ ಕೇಳಿಸುವುದಿಲ್ಲ. ಸೆಲ್ ಇದ್ದಿದ್ದರೆ ಒಂದೆರಡು ದಿನದಲ್ಲೇ ಸತ್ತು ನನ್ನ ತಪ್ಪನ್ನು ತೋರಿಸಿಕೊಡುತ್ತಿತ್ತು. ಅದಕ್ಕೆ ಸಾವೇ ಇಲ್ಲದ ಹಾಗೆ ಮಾಡಿದವನು ನಾನು. ಇದ್ದ ಒಂದು ದೀಪವನ್ನು ಕಿತ್ತೆ, ಇನ್ನೊಂದಕ್ಕೆ ಟೇಪು ಸುತ್ತಿದೆ.

ಎಲ್ಲವನ್ನೂ ಕತ್ತರಿಸಿ ಹೊರಗೆ ತೆಗೆದೆ. ಎರಡು ನಿಮಿಷಕ್ಕೆ ಟೀಚರ್ ಮನೆಯ ಗಂಟೆ ಹೊಡೆಯಿತು, ಮತ್ತೆ ಹೊಡೆಯಿತು. ಅವರೇ ಗೇಟಿನಲ್ಲಿ ನಿಂತು ಒತ್ತಿ ನೋಡುತ್ತಿದ್ದರು.

ಅಕ್ಟೋಬರ್ 30, ಬುಧವಾರ

ಬೆಳಿಗ್ಗೆ ಅಂಗಡಿ ತೆಗೆಯದೆ ಬಸ್ಸಿನಲ್ಲಿ ಭಾವಮೈದನ ಮನೆಗೆ ಹೋದೆ. ಫೋನ್ ಮಾಡಬೇಡಿ ಎಂದಿದ್ದಳೇ ಹೊರತು ಬರಬೇಡಿ ಎಂದಿರಲಿಲ್ಲ. ಜೇಬಿನಲ್ಲಿ ಸ್ವಿಚ್ಚು, ರಿಮೋಟು, ವೈರು ಎಲ್ಲಾ ಇತ್ತು. ಭಾವಮೈದ "ಬನ್ನಿ ಭಾವ" ಎಂದವನೇ ಚಹಾ ಮಾಡುವ ನೆವದಲ್ಲಿ ಒಳಗೆ ಸೇರಿಕೊಂಡ.

ಅವಳು ಮೇಜಿನ ಹತ್ತಿರ ಕೂತು ಬಟಾಣಿ ಬಿಡಿಸುತ್ತಿದ್ದಳು, ಎಡಗೈಯಲ್ಲಿ. ಸಣ್ಣಗಾಗಿದ್ದಾಳೆ. ನಾನು ಜೇಬಿನಲ್ಲಿದ್ದದ್ದನ್ನು ಮೇಜಿನ ಮೇಲೆ ಹರಡಿ ಎಲ್ಲವನ್ನೂ ವಿವರಿಸಿದೆ. ತರಂಗ, ಸೆಲ್, ಒತ್ತಿದರೆ ಒತ್ತಿಕೊಂಡೇ ಇರುವ ಜಾತಿ. ಗಿರಾಕಿಗಳಿಗೂ ಇಷ್ಟು ಚೆನ್ನಾಗಿ ಹೇಳಿದವನಲ್ಲ.

"ಹಾಗಾದ್ರೆ ತಪ್ಪು ಸ್ವಿಚ್ಚಿಂದು" ಎಂದಳು.

"ಹೌದು" ಎಂದೆ.

ಅವಳು ಬಟಾಣಿ ಬಿಡಿಸುತ್ತಲೇ ಇದ್ದಳು. ಒಂದು ಕಾಯಿ, ಇನ್ನೊಂದು ಕಾಯಿ. ಜುಲೈಯಲ್ಲಿ ತಪ್ಪು ಸೆಲ್ಲಿನದಾಗಿತ್ತು.

"ಇಲ್ಲ" ಎಂದೆ. "ನಿನ್ನ ಬೆಲ್ಟಿನ ಸದ್ದು ನನಗೆ ಕೇಳಿಸ್ತು. ನೀನೇ ಅಂತ ಗೊತ್ತಾಯ್ತು. ಬಾಗಿಲು ತಾನೇ ಏಳುತ್ತೆ ಅಂತ ಕೂತೇ ಇದ್ದೆ. ನಾನು ಎದ್ದು ಬರ್ಬೇಕಿತ್ತು. ಅವತ್ತು ಮಳೇಲೂ ಬರ್ಬೇಕಿತ್ತು."

ಅವಳ ಕೈ ನಿಂತಿತು. "ಕಿಟಕೀಲಿ ನಿಮ್ಮ ನೆರಳು ಕಾಣಿಸ್ತಿತ್ತು" ಎಂದಳು. "ಒಂದ್ಸಲ ಈ ಕಡೆ ಕತ್ತೆತ್ತಿದ್ರಿ ಕೂಡ. ನಾನು ಹಾರನ್ ಮೇಲೆ ಕೈ ಇಟ್ಟೆ, ಹೊಡೆಯೋಕೆ ಮನಸ್ಸಾಗ್ಲಿಲ್ಲ. ಇಪ್ಪತ್ತೆರಡು ವರ್ಷ ನಿಮ್ಮ ಹಾರನ್ನಿಗೆ ಒಂದು ದಿನಾನೂ ಎದ್ದು ಬರದೆ ಇದ್ದೋಳಲ್ಲ ನಾನು."

ಪಕ್ಕದಲ್ಲಿ ಕೂತು ಉಳಿದ ಬಟಾಣಿ ಬಿಡಿಸಿದೆ. ಸ್ವಲ್ಪ ಹೊತ್ತಾದ ಮೇಲೆ, ಕೈ ನೋಯುತ್ತಾ ಎಂದು ಕೇಳಿದೆ.

"ಬೆಳಿಗ್ಗೆ ಹೊತ್ತು, ಚಳಿಗೆ." ಆಮೇಲೆ ಹೇಳಿದಳು, "ಜುಲೈಯಿಂದ ಇವತ್ತೇ ನೀವು ಕೇಳಿದ್ದು."

ಹಾಗೇನಿರಲಿಕ್ಕಿಲ್ಲ, ಹಿಂದೆಯೂ ಕೇಳಿರುತ್ತೇನೆ ಎಂದು ಬಸ್ಸಿನಲ್ಲಿ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅಕ್ಟೋಬರ್ 31, ಗುರುವಾರ

ಭಾವಮೈದನ ಫೋನು. "ಭಾವ, ನಿಮ್ಮ ಸ್ವಿಚ್ಚು, ವೈರು ಎಲ್ಲಾ ಇಲ್ಲೇ ಬಿಟ್ಟು ಹೋಗಿದ್ದೀರಿ. ಅಕ್ಕ ಶನಿವಾರ ಆ ಕಡೆ ಬಂದಾಗ ಕೊಡ್ತಾಳಂತೆ. ಹೆಚ್ಚು ಆಸೆ ಇಟ್ಕೋಬೇಡಿ ಅಂತ ನಾನು ಹೇಳ್ತಿದ್ದೀನಿ, ಅವಳು ಹೇಳಿದ್ದಲ್ಲ."

ನಿನ್ನೆ ರಿಮೋಟಿಲ್ಲದೆ ಶಟರನ್ನು ಕೈಯಿಂದಲೇ ಎತ್ತಿ ಒಳಗೆ ಬಂದಿದ್ದೆ. ಇವತ್ತು ಮುಂಬಾಗಿಲ ಹಿಂದಿನ ಹದಿನೇಳು ಪೆಟ್ಟಿಗೆ ಎತ್ತಿ ಅಂಗಡಿಗೆ ಸಾಗಿಸಿದೆ. ಅಗುಳಿಗೆ ಎಣ್ಣೆ ಬಿಟ್ಟೆ. ಡ್ರಾಯಿಂಗ್ ಮೇಷ್ಟರ ಮನೆಗೂ ಹೋಗಿ, ಟೀಚರ್ ಸೋಲಿಗೆ ಹೆದರಿದ್ದಲ್ಲ, ತಪ್ಪು ನನ್ನದು ಎಂದು ಹೇಳಿ ಬಂದೆ. ಅವರಿಗೆ ತರಂಗದ ವಿಷಯ ಹೇಳಲು ಹೋಗಲಿಲ್ಲ.

ನವೆಂಬರ್ 2, ಶನಿವಾರ

ವ್ಯಾನನ್ನು ರಸ್ತೆಯ ಆ ತುದಿಯಲ್ಲಿ ನಿಲ್ಲಿಸಿದೆ. ಅದರಲ್ಲಿ ಈಗ ರಿಮೋಟಿಲ್ಲ, ಆದರೂ ನನ್ನ ಮೇಲೆ ನನಗೆ ನಂಬಿಕೆಯಿರಲಿಲ್ಲ. ನಾಲ್ಕು ಗಂಟೆಗೆ ಖಾಲಿ ಗ್ಯಾರೇಜಿನಲ್ಲಿ ಒಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತೆ.

ಐದೂಕಾಲಿಗೆ ಬೆಲ್ಟಿನ ಸದ್ದು ಬಂತು. ಕಾರು ನಿಂತಿತು. ರಿಮೋಟು ಒತ್ತುತ್ತಾಳೆ, ಈಗ ಶಟರ್ ಏಳುತ್ತದೆ ಎಂದು ನಾನು ಮೋಟರನ್ನೇ ನೋಡುತ್ತಿದ್ದೆ.

ಹಾರನ್ ಕೇಳಿಸಿತು. ಎರಡು ಸಲ.

ಹೇಗೆ ಎದ್ದೆನೋ ಗೊತ್ತಿಲ್ಲ, ಬಕೆಟ್ಟು ಉರುಳಿ ಹೋಗಿತ್ತು, ಒಂದು ಕಾಲಿನ ಚಪ್ಪಲಿ ಅಲ್ಲೇ ಉಳಿದಿತ್ತು. ಗೋಡೆಯ ಗುಂಡಿ ಒತ್ತಿದೆ. ಆ ಶಟರ್ ಅಷ್ಟು ನಿಧಾನ ಎಂದು ನನಗೆ ಗೊತ್ತೇ ಇರಲಿಲ್ಲ. ಮೊದಲು ಟೈರು ಕಾಣಿಸಿತು, ಆಮೇಲೆ ನಂಬರ್ ಪ್ಲೇಟು, ಆಮೇಲೆ ಬಾನೆಟ್ಟು. ಮುಖ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಇಷ್ಟು ವರ್ಷ ಅವಳು ಇಲ್ಲಿ ನಿಂತು ಪ್ರತಿ ಸಂಜೆ ಇದನ್ನೇ ನೋಡಿದ್ದಾಳೆ. ನನಗೆ ಕಾಯಲಾಗದೆ ಬಗ್ಗಿ ನೋಡಿದೆ.

ಸ್ಟಿಯರಿಂಗಿನ ಮೇಲಿದ್ದ ಅವಳ ಕೈಯಲ್ಲಿ ರಿಮೋಟಿತ್ತು.

"ಮತ್ತೆ ಕೈ ಕೊಡ್ತಾ?" ಎಂದೆ.

"ಇಲ್ಲ, ಚೆನ್ನಾಗಿದೆ" ಎಂದಳು. "ನಿಮ್ಮ ಹತ್ತು ನಿಮಿಷ ಎಷ್ಟು ಉದ್ದ ಅಂತ ನೋಡ್ತಿದ್ದೆ."

ಹಿಂದಿನ ಸೀಟಿನಲ್ಲಿ ನೀಲಿ ಚೀಲವಿದೆ. ತುಂಬಿದೆಯೋ ಖಾಲಿಯೋ ನಾನು ಕೇಳಿಲ್ಲ. ಬಂದವಳು ತೆರೆದಿಟ್ಟ ಮುಂಬಾಗಿಲನ್ನು ಒಂದು ಸಲ ಹಾಕಿ ತೆಗೆದು ನೋಡಿದಳು. ಆ ಸ್ವಿಚ್ಚು, ವೈರು ಮೇಜಿನ ಮೇಲಿದೆ. ಅವಳ ಕಾರಿಗೆ ಸರಿಯಾದ ಸ್ವಿಚ್ಚು ನಿನ್ನೆಯೇ ತಂದಿಟ್ಟಿದ್ದೇನೆ, ಕೈ ತೆಗೆದರೆ ತಾನೇ ಬಿಟ್ಟುಕೊಳ್ಳುವ ಜಾತಿ. ಜೊತೆಗೆ ಬೆಲ್ಟೂ ಇದೆ. ಈಗಲೇ ಹಾಕಿಬಿಡಲೇ ಎಂದು ಕೇಳಿದ್ದಕ್ಕೆ, "ಇವತ್ತು ಬೇಡ" ಎಂದಳು.

ಅಡುಗೆಮನೆಯಿಂದ ಕೂಗುತ್ತಿದ್ದಾಳೆ. "ರೀ, ಅಲ್ಲಿ ಏನು ಬರೀತಾ ಕೂತಿದ್ದೀರಿ? ಬನ್ನಿ ಇಲ್ಲಿ, ಮಾತಾಡ್ಬೇಕು."

ಹತ್ತು ನಿಮಿಷ ಎಂದು ಬಾಯಿಗೆ ಬಂದೇಬಿಟ್ಟಿತ್ತು. ಏಳುತ್ತಿದ್ದೇನೆ.